ಆಗಸ್ಟ್ 7ರ ರಾತ್ರಿ ಮತ್ತು ಅದರ ಹಿಂದಿನ ದಿನಗಳು: ಜಾರ್ಜಿಯಾ ಯುದ್ಧವನ್ನು ಆರಂಭಿಸಿದ್ದು ಯಾರು?

2008ರ ಆಗಸ್ಟ್ 7ರಂದು ಜಾರ್ಜಿಯಾದ ಸಚಿವ ತೆಮುರ್ ಯಾಕೊಬಾಶ್ವಿಲಿ ಮಾತುಕತೆಗೆಂದು ತ್ಸ್ಖಿನ್ವಾಲಿ ಪಟ್ಟಣಕ್ಕೆ ಹೋದರು. ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ದಕ್ಷಿಣ ಒಸೆಟಿಯಾದ ರಾಜಧಾನಿ ಅದು. ಬೀದಿಗಳಲ್ಲಿ ಜನರೇ ಇರಲಿಲ್ಲ ಎಂದು ಅವರು ಆಮೇಲೆ ನೆನಪಿಸಿಕೊಂಡಿದ್ದಾರೆ. ಒಸೆಟಿಯಾದ ನಾಯಕರು ಭೇಟಿಗೆ ಒಪ್ಪಲಿಲ್ಲ. ನಡುವೆ ನಿಂತು ಮಾತನಾಡಿಸಬೇಕಿದ್ದ ರಷ್ಯಾದ ವಿಶೇಷ ರಾಯಭಾರಿ ಯೂರಿ ಪೊಪೊವ್ ಅವರಿಂದ, ಕಾರಿನ ಟೈರು ಪಂಕ್ಚರ್ ಆಗಿದೆ ಎಂಬ ಉತ್ತರ ಬಂತು. ಸ್ಟೆಪ್ನಿ ಹಾಕಿಸಿಕೊಂಡು ಬನ್ನಿ ಎಂದರೆ ಸ್ಟೆಪ್ನಿಯಲ್ಲೂ ಗಾಳಿಯಿಲ್ಲ ಎಂದರಂತೆ. ಕೊನೆಗೆ ಸಚಿವರಿಗೆ ಮಾತಿಗೆ ಸಿಕ್ಕವರು ರಷ್ಯಾದ ಶಾಂತಿಪಾಲನಾ ಪಡೆಯ ದಂಡನಾಯಕ ಮರಾತ್ ಕುಲಾಖ್ಮೆತೊವ್ ಒಬ್ಬರೇ. ಅದೇ ಸಂಜೆ ಏಳರ ಸುಮಾರಿಗೆ ಅಧ್ಯಕ್ಷ ಮಿಖೈಲ್ ಸಾಕಾಶ್ವಿಲಿ ಟಿ.ವಿ.ಯಲ್ಲಿ ಕಾಣಿಸಿಕೊಂಡು, ತಮ್ಮ ಪಡೆಗಳು ಏಕಪಕ್ಷೀಯವಾಗಿ ಗುಂಡು ಹಾರಿಸುವುದನ್ನು ನಿಲ್ಲಿಸುತ್ತವೆ ಎಂದು ಸಾರಿದರು. ಐದು ಗಂಟೆ ಕಳೆಯುವುದರೊಳಗೆ, ರಾತ್ರಿ 11.35ರ ಸುಮಾರಿಗೆ, ಅದೇ ಪಡೆಗಳ ಫಿರಂಗಿಗಳು ಮತ್ತು ಗ್ರಾದ್ ರಾಕೆಟ್‌ಗಳು ತ್ಸ್ಖಿನ್ವಾಲಿಯ ಮೇಲೆ ಬೀಳತೊಡಗಿದವು.

ಮರುದಿನ ರಷ್ಯಾ ಬಹಿರಂಗವಾಗಿ ಯುದ್ಧಕ್ಕಿಳಿಯಿತು. ಆಗಸ್ಟ್ 12ರಂದು ಫ್ರಾನ್ಸ್ ಅಧ್ಯಕ್ಷ ನಿಕೊಲಾ ಸಾರ್ಕೊಜಿ ಮಧ್ಯಸ್ಥಿಕೆಯಲ್ಲಿ ಕದನವಿರಾಮಕ್ಕೆ ಒಪ್ಪಿಗೆಯಾಯಿತು. ಆ ಹೊತ್ತಿಗೆ ಸುಮಾರು 850 ಜನ ಸತ್ತಿದ್ದರು, ಒಂದು ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟಿದ್ದರು. ಆಗಸ್ಟ್ 26ರಂದು ರಷ್ಯಾ ದಕ್ಷಿಣ ಒಸೆಟಿಯಾವನ್ನೂ, ಅದರಂತೆಯೇ ಜಾರ್ಜಿಯಾದಿಂದ ಬೇರೆಯಾಗಲು ಹೊರಟಿದ್ದ ಅಬ್ಖಾಜಿಯಾವನ್ನೂ ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿತು. ಯುದ್ಧ ನಡೆದದ್ದು ಐದು ದಿನ. ಅದನ್ನು ಶುರುಮಾಡಿದವರು ಯಾರು ಎಂಬ ವಾದ ಮಾತ್ರ ಇಂದಿಗೂ ಮುಗಿದಿಲ್ಲ, ಮುಗಿಯುವ ಬದಲು ಈಚೆಗೆ ಜಾರ್ಜಿಯಾದ ಒಳರಾಜಕೀಯದ ಮುಖ್ಯ ಆಯುಧವೇ ಆಗಿಬಿಟ್ಟಿದೆ.

ನಮ್ಮ ಹಳ್ಳಿಗಳ ಬದುವಿನ ಜಗಳಗಳನ್ನು ಕಂಡವರಿಗೆ ಈ ವಾದದ ಸ್ವರೂಪ ಹೊಸದೆನಿಸುವುದಿಲ್ಲ. ಪಂಚಾಯಿತಿಯಲ್ಲಿ ಒಬ್ಬ 'ಮೊದಲು ಕುಡುಗೋಲು ಎತ್ತಿದವನು ಅವನು' ಎನ್ನುತ್ತಾನೆ. ಇನ್ನೊಬ್ಬ 'ವರ್ಷಕ್ಕೊಂದು ಗೇಣು ಬದು ಸರಿಸುತ್ತ ಬಂದವನು ಇವನು' ಎನ್ನುತ್ತಾನೆ. ಇಬ್ಬರ ಮಾತೂ ನಿಜವಾಗಿರಬಹುದು. ಕುಡುಗೋಲಿನ ಪ್ರಶ್ನೆಗೆ ಒಂದು ದಿನದ ಸಾಕ್ಷ್ಯ ಸಾಕು, ಬದುವಿನ ಪ್ರಶ್ನೆಗೆ ಹತ್ತು ವರ್ಷದ ಲೆಕ್ಕ ಬೇಕು. ಜಾರ್ಜಿಯಾ ಯುದ್ಧದ ಬಗ್ಗೆ ಇಷ್ಟು ವರ್ಷಗಳಿಂದ ನಡೆದಿರುವ ಚರ್ಚೆಯಲ್ಲಿ ಪ್ರತಿಯೊಂದು ಪಕ್ಷವೂ ತನಗೆ ಅನುಕೂಲವಾದ ದಿನದಿಂದ ಕತೆ ಆರಂಭಿಸಿ, ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದಕ್ಕೂ ಹೊಂದಿಸಿಬಿಡುತ್ತದೆ. ನನ್ನ ಮಟ್ಟಿಗೆ ಈ ಎರಡನ್ನೂ ಬಿಡಿಬಿಡಿಯಾಗಿ ನೋಡದೆ ಆ ರಾತ್ರಿಯ ಬಗ್ಗೆ ನ್ಯಾಯವಾಗಿ ಮಾತನಾಡುವುದು ಸಾಧ್ಯವಿಲ್ಲ.

ಮೊದಲು ನೆಲದ ವಿಚಾರ. ದಕ್ಷಿಣ ಒಸೆಟಿಯಾ ಎಂದರೆ ಕಾಕಸಸ್ ಪರ್ವತಗಳ ದಕ್ಷಿಣದ ಇಳಿಜಾರಿನಲ್ಲಿರುವ, ಸುಮಾರು 3,900 ಚದರ ಕಿ.ಮೀ. ವಿಸ್ತಾರದ ಪ್ರದೇಶ. ವಿಸ್ತೀರ್ಣದಲ್ಲಿ ನಮ್ಮ ಕೊಡಗು ಜಿಲ್ಲೆಗಿಂತ ಚಿಕ್ಕದು. 1989ರ ಜನಗಣತಿಯ ಪ್ರಕಾರ ಅಲ್ಲಿ ಒಂದು ಲಕ್ಷಕ್ಕೂ ಕಡಿಮೆ ಜನರಿದ್ದರು, ಅವರಲ್ಲಿ ಮೂರನೆಯ ಎರಡು ಪಾಲು ಒಸೆಟಿಯನ್ನರು, ಉಳಿದವರಲ್ಲಿ ಹೆಚ್ಚಿನವರು ಜಾರ್ಜಿಯನ್ನರು. ಪರ್ವತದ ಆಚೆ, ರಷ್ಯಾದೊಳಗೆ, ಉತ್ತರ ಒಸೆಟಿಯಾ ಇದೆ. ಎರಡನ್ನೂ ಜೋಡಿಸುವುದು 1980ರ ದಶಕದಲ್ಲಿ ಸೋವಿಯತ್ ಸರ್ಕಾರ ಕೊರೆಸಿದ, ಮೂರೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ರೋಕಿ ಸುರಂಗ. ರಷ್ಯಾದಿಂದ ಟ್ಯಾಂಕುಗಳು ರಸ್ತೆಯ ಮೂಲಕ ದಕ್ಷಿಣ ಒಸೆಟಿಯಾಕ್ಕೆ ಇಳಿಯಬೇಕಾದರೆ ಈ ಒಂದೇ ದಾರಿ. ಆದ್ದರಿಂದಲೇ ಯುದ್ಧದ ಆರಂಭದ ಕುರಿತ ವಾದವೆಲ್ಲ ಕೊನೆಗೆ ಈ ಸುರಂಗದ ಬಾಯಿಗೆ ಬಂದು ನಿಲ್ಲುತ್ತದೆ.

ಸುರಂಗದಿಂದ ಜಾವಾ ಊರಿನ ಮೂಲಕ ತ್ಸ್ಖಿನ್ವಾಲಿಗೆ ಇಳಿಯುವ ಹೆದ್ದಾರಿಯಲ್ಲಿ ಇನ್ನೊಂದು ತೊಡಕಿತ್ತು. ಪಟ್ಟಣದ ಉತ್ತರಕ್ಕೆ ತಾಮರಾಶೆನಿ, ಅಚಾಬೆತಿ, ಕುರ್ತಾ, ಕೆಖ್ವಿ ಎಂಬ ಜಾರ್ಜಿಯನ್ ಹಳ್ಳಿಗಳು ಸಾಲಾಗಿದ್ದವು. ಅಂದರೆ ಒಸೆಟಿಯನ್ ಪಟ್ಟಣಕ್ಕೂ ಅದರ ಬೆಂಬಲಿಗ ರಷ್ಯಾಕ್ಕೂ ನಡುವೆ ಜಾರ್ಜಿಯಾದ ಹಿಡಿತದ ಊರುಗಳಿದ್ದವು, ಆ ಊರುಗಳಿಗೂ ಉಳಿದ ಜಾರ್ಜಿಯಾಕ್ಕೂ ನಡುವೆ ಒಸೆಟಿಯನ್ ಪಟ್ಟಣವಿತ್ತು. ಒಸೆಟಿಯನ್ನರು ಈ ಹಳ್ಳಿಗಳನ್ನು ತಪ್ಪಿಸಿ ಪಶ್ಚಿಮದ ಬೆಟ್ಟಗಳ ಮೂಲಕ ದ್ಜಾರಾ ಎಂಬ ಬಳಸುದಾರಿ ಮಾಡಿಕೊಂಡಿದ್ದರು. ಒಬ್ಬರ ದಾರಿ ಇನ್ನೊಬ್ಬರ ಅಂಗಳದಲ್ಲಿ ಹಾಯುವ ಇಂಥ ಜಾಗದಲ್ಲಿ ಯಾವುದೋ ಒಂದು ಸಂಜೆ ಮೊದಲ ಗುಂಡು ಯಾರ ಕಡೆಯಿಂದ ಹಾರಿತು ಎಂದು ಪತ್ತೆ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಬೇರೆ ವಿವರಿಸಬೇಕಿಲ್ಲ.

ಹಿಂದಿನ ಕತೆಯನ್ನು ಬೇಗನೆ ಮುಗಿಸಬಹುದು. ಸೋವಿಯತ್ ಒಕ್ಕೂಟ ಒಡೆಯುತ್ತಿದ್ದ ಕಾಲದಲ್ಲಿ, 1991–92ರಲ್ಲಿ, ಜಾರ್ಜಿಯಾಕ್ಕೂ ಒಸೆಟಿಯನ್ನರಿಗೂ ಮೊದಲ ಯುದ್ಧ ನಡೆಯಿತು. 1992ರ ಜೂನ್‌ನಲ್ಲಿ ಸೋಚಿ ಒಪ್ಪಂದವಾಗಿ ರಷ್ಯಾ, ಜಾರ್ಜಿಯಾ ಮತ್ತು ಒಸೆಟಿಯಾದ ತಲಾ ಒಂದು ತುಕಡಿ ಸೇರಿದ ಜಂಟಿ ಶಾಂತಿಪಾಲನಾ ಪಡೆ ಬಂತು. ಜಗಳದಲ್ಲಿ ಪಾಲುದಾರರಾಗಿದ್ದವರೇ ಕಾವಲುಗಾರರೂ ಆದ ವಿಚಿತ್ರ ಏರ್ಪಾಡು ಇದು. 2003ರ ಗುಲಾಬಿ ಕ್ರಾಂತಿಯ ನಂತರ ಅಧಿಕಾರಕ್ಕೆ ಬಂದ ಸಾಕಾಶ್ವಿಲಿ ಕಳೆದುಹೋದ ಪ್ರಾಂತಗಳನ್ನು ಮರಳಿ ತರುವ ಮಾತು ಕೊಟ್ಟಿದ್ದರು. 2004ರಲ್ಲಿ ಎರ್ಗ್ನೆತಿಯ ಕಳ್ಳಸಾಗಣೆ ಸಂತೆಯನ್ನು ಅವರು ಮುಚ್ಚಿಸಿದಾಗ ಮತ್ತೆ ಗುಂಡಿನ ಚಕಮಕಿ ನಡೆಯಿತು. ಎರಡೂ ಕಡೆಯ ಜನ ಒಟ್ಟಿಗೆ ವ್ಯಾಪಾರ ಮಾಡುತ್ತಿದ್ದ ಕೊನೆಯ ಜಾಗ ಆ ಸಂತೆ. ಕಾನೂನಿನ ಕಣ್ಣಲ್ಲಿ ಅದು ಅಪರಾಧದ ಅಡ್ಡೆಯಾಗಿದ್ದರೂ ಅದನ್ನು ಮುಚ್ಚಿದ್ದು ದೊಡ್ಡ ತಪ್ಪು ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು ಕಡೆ ರಷ್ಯಾ 2002ರಿಂದ ದಕ್ಷಿಣ ಒಸೆಟಿಯಾದ ನಿವಾಸಿಗಳಿಗೆ ಸಾಮೂಹಿಕವಾಗಿ ತನ್ನ ಪಾಸ್‌ಪೋರ್ಟ್ ಹಂಚಿತು. ಮೊದಲು ಬೇರೊಂದು ದೇಶದ ನೆಲದ ಮೇಲಿರುವವರನ್ನು ತನ್ನ ಪ್ರಜೆಗಳನ್ನಾಗಿ ಮಾಡಿಕೊಳ್ಳುವುದು, ಆಮೇಲೆ 'ನನ್ನ ಪ್ರಜೆಗಳನ್ನು ಕಾಪಾಡಲು ಬಂದೆ' ಎನ್ನುವುದು: ಗೇಣು ಗೇಣಾಗಿ ಬದು ಸರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

2008ರಲ್ಲಿ ಘಟನೆಗಳ ವೇಗ ಹೆಚ್ಚಿತು. ಫೆಬ್ರುವರಿಯಲ್ಲಿ ಕೊಸೊವೊ ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಪಶ್ಚಿಮದ ಪ್ರಮುಖ ದೇಶಗಳು ಅದನ್ನು ಮಾನ್ಯ ಮಾಡಿದವು, ರಷ್ಯಾ ಸಿಟ್ಟಾಯಿತು. ಏಪ್ರಿಲ್ ಮೊದಲ ವಾರ ಬುಖಾರೆಸ್ಟಿನಲ್ಲಿ ಸೇರಿದ ನೇಟೊ ನಾಯಕರು ಉಕ್ರೇನ್ ಮತ್ತು ಜಾರ್ಜಿಯಾ ಮುಂದೊಂದು ದಿನ ಸದಸ್ಯರಾಗುತ್ತವೆ ಎಂದು ಘೋಷಿಸಿದರು. ಆದರೆ ಅದಕ್ಕೆ ದಿನಾಂಕವನ್ನಾಗಲಿ ದಾರಿಯನ್ನಾಗಲಿ ಹೇಳಲಿಲ್ಲ. ರಷ್ಯಾವನ್ನು ಕೆರಳಿಸಲು ಸಾಕಾಗುವಷ್ಟು, ಜಾರ್ಜಿಯಾವನ್ನು ಕಾಪಾಡಲು ಸಾಲದಷ್ಟು ಭರವಸೆ ಅದು. ಅದೇ ತಿಂಗಳು, ಆಗಿನ್ನೂ ರಷ್ಯಾದ ಅಧ್ಯಕ್ಷರಾಗಿದ್ದ ಪುಟಿನ್ ಎರಡೂ ಪ್ರಾಂತಗಳ ಆಡಳಿತಗಳೊಂದಿಗೆ ನೇರ ಅಧಿಕೃತ ಸಂಪರ್ಕ ಬೆಳೆಸಲು ಆದೇಶಿಸಿದರು. ಏಪ್ರಿಲ್ 20ರಂದು ಅಬ್ಖಾಜಿಯಾದ ಮೇಲೆ ಹಾರುತ್ತಿದ್ದ ಜಾರ್ಜಿಯಾದ ಡ್ರೋನ್ ಒಂದನ್ನು ಹೊಡೆದುರುಳಿಸಲಾಯಿತು, ಹೊಡೆದದ್ದು ರಷ್ಯಾದ ಯುದ್ಧವಿಮಾನ ಎಂದು ವಿಶ್ವಸಂಸ್ಥೆಯ ವೀಕ್ಷಕರು ಕಂಡುಕೊಂಡರು. ಮೇ ಕೊನೆಯಲ್ಲಿ ರಷ್ಯಾದ ರೈಲ್ವೆ ಸೈನಿಕರು ಅಬ್ಖಾಜಿಯಾಕ್ಕೆ ಬಂದು ಹಾಳುಬಿದ್ದ ಹಳಿ ದುರಸ್ತಿ ಮಾಡಿದರು. ಆ ಕೆಲಸ ಜುಲೈ ಕೊನೆಗೆ ಮುಗಿಯಿತು, ಆಗಸ್ಟ್‌ನಲ್ಲಿ ಅದೇ ಹಳಿಯ ಮೇಲೆ ಸೇನೆ ಬಂತು. ಜುಲೈನಲ್ಲಿ ಪರ್ವತದ ಉತ್ತರಕ್ಕೆ 'ಕವ್ಕಾಜ್-2008' ಎಂಬ ರಷ್ಯಾದ ಸಮರಾಭ್ಯಾಸ ನಡೆಯುತ್ತಿದ್ದರೆ, ದಕ್ಷಿಣಕ್ಕೆ ವಜಿಯಾನಿ ನೆಲೆಯಲ್ಲಿ ಜಾರ್ಜಿಯಾದ ಸೈನಿಕರು ಅಮೆರಿಕನ್ನರ ಜೊತೆ ಅಭ್ಯಾಸ ಮಾಡುತ್ತಿದ್ದರು.

ಆಗಸ್ಟ್ 1ರಂದು ತ್ಸ್ಖಿನ್ವಾಲಿ ಬಳಿಯ ರಸ್ತೆಯಲ್ಲಿ ಬಾಂಬ್ ಸ್ಫೋಟಿಸಿ ಜಾರ್ಜಿಯಾದ ಐವರು ಪೊಲೀಸರು ಗಾಯಗೊಂಡರು. ಅಂದು ಸಂಜೆಯಿಂದ ರಾತ್ರಿಯೊಳಗೆ ಅಡಗಿ ಕೂತವರು ಹಾರಿಸಿದ ಗುಂಡಿಗೆ ಆರು ಮಂದಿ ಒಸೆಟಿಯನ್ನರು ಬಲಿಯಾದರು. ಅದರ ಬೆನ್ನಿಗೇ ಒಸೆಟಿಯಾದ ಆಡಳಿತ ಹೆಂಗಸರು ಮಕ್ಕಳನ್ನು ಬಸ್ಸುಗಳಲ್ಲಿ ಉತ್ತರಕ್ಕೆ ಸಾಗಿಸತೊಡಗಿತು. ಯಾಕೊಬಾಶ್ವಿಲಿ ಕಂಡ ಖಾಲಿ ಬೀದಿಗಳ ಹಿಂದಿರುವ ಕಾರಣ ಇದು. ಜಾರ್ಜಿಯಾದವರು ಇದನ್ನು 'ಯುದ್ಧ ಬರಲಿದೆಯೆಂದು ಅವರಿಗೆ ಮೊದಲೇ ಗೊತ್ತಿತ್ತು' ಎಂಬುದಕ್ಕೆ ಪುರಾವೆ ಎನ್ನುತ್ತಾರೆ. ಹಿಂದಿನ ರಾತ್ರಿ ಆರು ಹೆಣ ಬಿದ್ದ ಊರಿನಿಂದ ಮಕ್ಕಳನ್ನು ಹೊರಗೆ ಕಳಿಸಲು ಒಳಸಂಚಿನ ಅರಿವೇನೂ ಬೇಕಾಗಿರಲಿಲ್ಲ ಎಂದು ಒಸೆಟಿಯನ್ನರು ಉತ್ತರಿಸುತ್ತಾರೆ. ಒಂದೇ ಸಂಗತಿಯನ್ನು ಎರಡೂ ಕಡೆಯವರು ತಮ್ಮ ತಮ್ಮ ಸಾಕ್ಷಿಯನ್ನಾಗಿ ಕರೆಯುವುದು ಈ ವಾದದುದ್ದಕ್ಕೂ ಕಾಣುತ್ತದೆ.

ಆ ರಾತ್ರಿಯ ದಾಳಿಗೆ ಜಾರ್ಜಿಯಾ ಒಂದಲ್ಲ, ಹಲವು ಕಾರಣಗಳನ್ನು ಕೊಟ್ಟಿತು. ಅದೇ ಅದರ ವಾದದ ದುರ್ಬಲ ಜಾಗ. ದಾಳಿ ಶುರುವಾದ ಸ್ವಲ್ಪ ಹೊತ್ತಿನಲ್ಲೇ ಸೇನಾಧಿಕಾರಿ ಮಮುಕಾ ಕುರಾಶ್ವಿಲಿ ಟಿ.ವಿ. ಕ್ಯಾಮೆರಾದ ಮುಂದೆ ನಿಂತು, ಈ ಪ್ರದೇಶದಲ್ಲಿ 'ಸಾಂವಿಧಾನಿಕ ವ್ಯವಸ್ಥೆಯನ್ನು ಮರುಸ್ಥಾಪಿಸಲು' ನಿರ್ಧರಿಸಲಾಗಿದೆ ಎಂದರು. ರಷ್ಯಾದ ಟ್ಯಾಂಕುಗಳ ಪ್ರಸ್ತಾಪ ಆ ಹೇಳಿಕೆಯಲ್ಲಿರಲಿಲ್ಲ. ಅದು ಅವರ ಸ್ವಂತ ಮಾತು, ಸರ್ಕಾರದ್ದಲ್ಲ ಎಂದು ಆಮೇಲೆ ಸಮಜಾಯಿಷಿ ಬಂತು. ಒಸೆಟಿಯನ್ನರು ಜಾರ್ಜಿಯನ್ ಹಳ್ಳಿಗಳ ಮೇಲೆ ಶೆಲ್ ದಾಳಿ ಮಾಡುತ್ತಿದ್ದರು, ನಾಗರಿಕರನ್ನು ಕಾಪಾಡಲೇಬೇಕಿತ್ತು ಎಂಬುದು ಎರಡನೆಯ ಕಾರಣ. ಹಗಲಿನಲ್ಲಿ ಜಾರ್ಜಿಯಾದ ಇಬ್ಬರು ಶಾಂತಿಪಾಲಕರು ಸತ್ತದ್ದು ನಿಜ, ಹಳ್ಳಿಗಳ ಮೇಲೆ ದಾಳಿಯಾದದ್ದೂ ನಿಜ. ಆದರೆ ತ್ಸ್ಖಿನ್ವಾಲಿಯಲ್ಲಿದ್ದ ಯುರೋಪಿನ ಭದ್ರತಾ ಸಂಸ್ಥೆಯ ಸೇನಾ ವೀಕ್ಷಕರು ಅಂದು ಮಧ್ಯಾಹ್ನವೇ ಜಾರ್ಜಿಯಾದ ಗೋರಿ ಪಟ್ಟಣದ ಕಡೆಯ ರಸ್ತೆಯಲ್ಲಿ ಜಾರ್ಜಿಯಾದ ಫಿರಂಗಿಗಳೂ ಗ್ರಾದ್ ವಾಹನಗಳೂ ಜಮಾಯಿಸುವುದನ್ನು ಕಂಡಿದ್ದರು. ರಾತ್ರಿಯ ದಾಳಿಗೆ ಸ್ವಲ್ಪ ಮುಂಚೆ ಆ ಹಳ್ಳಿಗಳ ಮೇಲೆ ಭಾರಿ ಶೆಲ್ ದಾಳಿ ನಡೆದ ಸದ್ದು ತಮಗೆ ಕೇಳಿಸಲಿಲ್ಲ ಎಂದೂ ಅವರಲ್ಲಿ ಕೆಲವರು ಹೇಳಿದರು.

ಮೂರನೆಯ ಕಾರಣವೇ ರೋಕಿ ಸುರಂಗ. ಆಗಸ್ಟ್ 7ರ ನಸುಕಿನಲ್ಲೇ ರಷ್ಯಾದ ರಕ್ಷಾಕವಚದ ವಾಹನಗಳು ಸುರಂಗ ದಾಟಿದ್ದವು, ಅವನ್ನು ತಡೆಯಲು ತಾವು ದಾಳಿ ಮಾಡಬೇಕಾಯಿತು ಎಂಬುದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ನಿಲುವು. ಇದಕ್ಕೆ ಆಧಾರವಾಗಿ ಜಾರ್ಜಿಯಾ ಸೆಪ್ಟೆಂಬರ್ ಮಧ್ಯದಲ್ಲಿ ಕೆಲವು ದೂರವಾಣಿ ಸಂಭಾಷಣೆಗಳನ್ನು ಬಹಿರಂಗಪಡಿಸಿತು. ಬೆಳಗಿನ ಜಾವ ನಾಲ್ಕಕ್ಕೆ ಮುಂಚಿನ ಆ ಮಾತುಕತೆಯಲ್ಲಿ ಸುರಂಗದ ಕಾವಲಿನಲ್ಲಿದ್ದ ಒಸೆಟಿಯನ್ ಸಿಬ್ಬಂದಿಯೊಬ್ಬ ತನ್ನ ಮೇಲಿನವನೊಂದಿಗೆ, ಒಳಗೆ ಯುದ್ಧವಾಹನಗಳು ತುಂಬಿಕೊಂಡಿವೆ ಎಂಬರ್ಥದ ಮಾತಾಡುತ್ತಾನೆ. ಕೇಳುವಾಗ ಮೈ ಜುಮ್ಮೆನ್ನಿಸುವಂಥ ಪುರಾವೆ ಇದು. ಆದರೆ ಮೂಲ ಧ್ವನಿಮುದ್ರಿಕೆ ಯುದ್ಧದ ಗೊಂದಲದಲ್ಲಿ ಕಳೆದು, ಒಂದು ತಿಂಗಳ ಮೇಲೆ ಸಿಕ್ಕಿತು ಎಂದು ಜಾರ್ಜಿಯಾ ಹೇಳಿಕೊಂಡದ್ದು ಅದರ ತೂಕವನ್ನು ತಗ್ಗಿಸಿತು. ಇಡೀ ಯುದ್ಧದ ಸಮರ್ಥನೆ ಯಾವ ಕಡತದ ಮೇಲೆ ನಿಂತಿದೆಯೋ ಆ ಕಡತವೇ ಕಣ್ತಪ್ಪಿ ಹೋಗಿತ್ತು ಎನ್ನುವುದನ್ನು ನಂಬುವುದು ಸುಲಭವಲ್ಲ. ಸಂಭಾಷಣೆ ನಡೆದೇ ಇಲ್ಲ ಎಂದು ರಷ್ಯಾ ಕಡ್ಡಿ ಮುರಿದಂತೆ ನಿರಾಕರಿಸಲೂ ಇಲ್ಲ. ಅದು ಶಾಂತಿಪಾಲಕರ ಪಾಳಿ ಬದಲಾವಣೆಯ ಮಾಮೂಲಿ ಸಂಚಾರವಾಗಿದ್ದಿರಬಹುದು ಎಂದಿತು. ಪಾಳಿ ಬದಲಾವಣೆಗೆ ಮೊದಲೇ ತಿಳಿಸುವುದು ಮತ್ತು ಹಗಲಿನಲ್ಲಿ ನಡೆಸುವುದು ರೂಢಿ, ಹೀಗೆ ನಡುರಾತ್ರಿಯಲ್ಲಿ ಅಲ್ಲ ಎಂದು ಜಾರ್ಜಿಯಾ ಮರುವಾದ ಹೂಡಿತು.

ಈ ಕಗ್ಗಂಟು ಬಿಡಿಸಲು ಯುರೋಪ್ ಒಕ್ಕೂಟ 2008ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ರಾಜತಾಂತ್ರಿಕೆ ಹೈಡಿ ತಾಗ್ಲಿಯಾವಿನಿ ಅವರ ನೇತೃತ್ವದಲ್ಲಿ ತನಿಖಾ ಆಯೋಗ ನೇಮಿಸಿತು. 2009ರ ಸೆಪ್ಟೆಂಬರ್ 30ರಂದು ಹೊರಬಂದ, ಸಾವಿರಕ್ಕೂ ಹೆಚ್ಚು ಪುಟಗಳ ಮೂರು ಸಂಪುಟಗಳ ವರದಿಯಿಂದ ಮಾಸ್ಕೊ ಮತ್ತು ಟಿಬಿಲಿಸಿ ಎರಡೂ ತಮಗೆ ಬೇಕಾದ ಸಾಲನ್ನು ಎತ್ತಿಕೊಂಡು ಗೆಲುವು ಸಾರಿಕೊಂಡವು. ರಷ್ಯಾ ಎತ್ತಿಕೊಂಡ ಸಾಲು: ಬಹಿರಂಗ ಯುದ್ಧ ಆರಂಭವಾದದ್ದು ಆಗಸ್ಟ್ 7ರ ರಾತ್ರಿ ತ್ಸ್ಖಿನ್ವಾಲಿಯ ಮೇಲೆ ಜಾರ್ಜಿಯಾ ನಡೆಸಿದ ಭಾರಿ ಸೇನಾ ಕಾರ್ಯಾಚರಣೆಯಿಂದ, ಅಂತರರಾಷ್ಟ್ರೀಯ ಕಾನೂನಿನಲ್ಲಿ ಅದಕ್ಕೆ ಸಮರ್ಥನೆಯಿಲ್ಲ. ಜಾರ್ಜಿಯಾ ಎತ್ತಿಕೊಂಡ ಸಾಲು: ಆ ದಾಳಿ ವರ್ಷಗಳಿಂದ ಬೆಳೆದು ಬಂದ ಉದ್ವೇಗ, ಕೆಣಕಾಟ ಮತ್ತು ಘರ್ಷಣೆಗಳ ಪರಾಕಾಷ್ಠೆ ಮಾತ್ರ.

ಇವೆರಡು ಸಾಲುಗಳ ನಡುವೆ ಇರುವ ವಿವರಗಳನ್ನು ಓದಿದವರು ಕಡಿಮೆ. ಆಗಸ್ಟ್ 8ಕ್ಕೆ ಮುಂಚೆ ರಷ್ಯಾ ದೊಡ್ಡ ಪ್ರಮಾಣದಲ್ಲಿ ಸೇನೆ ನುಗ್ಗಿಸಿತ್ತು ಎಂಬ ಜಾರ್ಜಿಯಾದ ವಾದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ ಎಂದು ಆಯೋಗ ಹೇಳಿತು. ಆದರೆ ಶಾಂತಿಪಾಲಕರಲ್ಲದ ರಷ್ಯಾದ ಕೆಲವು ಪಡೆಗಳೂ, ಉತ್ತರ ಕಾಕಸಸ್‌ನ ಸ್ವಯಂಸೇವಕರೂ ಬಾಡಿಗೆ ಹೋರಾಟಗಾರರೂ ಅಲ್ಲಿಗೆ ಬಂದಿದ್ದರು ಎಂಬ ಸುಳಿವುಗಳಿವೆ ಎಂದೂ ಬರೆಯಿತು. ದಾಳಿಗೊಳಗಾದ ತನ್ನ ಶಾಂತಿಪಾಲಕರನ್ನು ರಕ್ಷಿಸಿಕೊಳ್ಳುವ ಹಕ್ಕು ರಷ್ಯಾಕ್ಕಿತ್ತು ಎಂದು ಒಪ್ಪಿಕೊಂಡು, ಜಾರ್ಜಿಯಾದ ಒಳನಾಡಿಗೆ ನುಗ್ಗಿ ಬಾಂಬ್ ಹಾಕಿದ್ದು ಆ ಹಕ್ಕಿನ ಎಲ್ಲೆಯನ್ನು ಮೀರಿತು ಎಂದಿತು. ಪಾಸ್‌ಪೋರ್ಟ್ ಹಂಚಿಕೆಗೆ ಅಂತರರಾಷ್ಟ್ರೀಯ ಕಾನೂನಿನ ಮಾನ್ಯತೆ ಇಲ್ಲವೆಂದಿತು. ಜಾರ್ಜಿಯಾ ನರಮೇಧ ನಡೆಸಿತು ಎಂಬ ರಷ್ಯಾದ ಆರೋಪಕ್ಕೆ ಆಧಾರವಿಲ್ಲವೆಂದಿತು. ದಕ್ಷಿಣ ಒಸೆಟಿಯಾದಲ್ಲಿ ಜಾರ್ಜಿಯನ್ನರ ಜನಾಂಗೀಯ ನಿರ್ಮೂಲನೆ ನಡೆಯಿತು ಎಂದಿತು. ಯುದ್ಧದ ಮೊದಲ ದಿನಗಳಲ್ಲಿ ತ್ಸ್ಖಿನ್ವಾಲಿಯಲ್ಲಿ 2,000 ನಾಗರಿಕರು ಸತ್ತರೆಂದು ರಷ್ಯಾದ ವಾಹಿನಿಗಳು ಸಾರಿದ್ದವು. ಕೊನೆಗೆ ರಷ್ಯಾದ ತನಿಖಾಧಿಕಾರಿಗಳೇ ಒಪ್ಪಿಕೊಂಡ ಸಂಖ್ಯೆ 162. ಆ 2,000 ಎಂಬ ಸಂಖ್ಯೆ ಸುಳ್ಳೆಂದು ತಿಳಿಯುವಷ್ಟರಲ್ಲಿ ಅದನ್ನು ರೇಡಿಯೊ, ಟಿ.ವಿ.ಗಳಲ್ಲಿ ಕೇಳಿ ಕೆರಳಿದವರು ಜಾರ್ಜಿಯನ್ ಹಳ್ಳಿಗಳಿಗೆ ಬೆಂಕಿ ಇಟ್ಟಾಗಿತ್ತು.

ವರದಿಯನ್ನು ಟೀಕಿಸಿದವರೂ ಇದ್ದಾರೆ. ಕುಡುಗೋಲಿನ ಪ್ರಶ್ನೆಯನ್ನು ಕಾನೂನಿನ ಒರೆಗೆ ಹಚ್ಚಿದಷ್ಟು ಬಿಗಿಯಾಗಿ ಅದು ಬದುವಿನ ಪ್ರಶ್ನೆಯನ್ನು ಹಚ್ಚಲಿಲ್ಲ ಎಂಬುದು ಅವರ ದೂರು. ಈ ದೂರಿನಲ್ಲಿ ಹುರುಳಿದೆ. ಅದಕ್ಕೆ ಬಲ ಬಂದದ್ದು, ಯಾರೂ ನಿರೀಕ್ಷಿಸದ ಕಡೆಯಿಂದ. 2012ರ ಆಗಸ್ಟ್‌ನಲ್ಲಿ, ಯುದ್ಧದ ನಾಲ್ಕನೆಯ ವರ್ಷದ ಹೊತ್ತಿಗೆ, ರಷ್ಯಾದ ನಿವೃತ್ತ ಸೇನಾನಿಗಳು ಕಾಣಿಸಿಕೊಂಡ ಸಾಕ್ಷ್ಯಚಿತ್ರವೊಂದು ಅಂತರಜಾಲದಲ್ಲಿ ಹರಿದಾಡಿತು. ಯುದ್ಧಕಾಲದ ಅಧ್ಯಕ್ಷ ಮೆಡ್ವೆದೆವ್ ಆದೇಶ ಕೊಡಲು ತಡಮಾಡಿ ಅಮೂಲ್ಯ ಸಮಯ ಕಳೆದರು ಎಂಬುದು ಅವರ ಆಪಾದನೆ. ಆ ಕುರಿತು ಪತ್ರಕರ್ತರು ಕೇಳಿದಾಗ ಪುಟಿನ್, ಇಂಥ ಪರಿಸ್ಥಿತಿಗೆಂದು ಸೇನೆಯ ಮುಖ್ಯ ಕಚೇರಿ 2006ರ ಕೊನೆ ಅಥವಾ 2007ರ ಮೊದಲಲ್ಲೇ ಯೋಜನೆ ಸಿದ್ಧಪಡಿಸಿತ್ತು, ತಾನು ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆ, ಅದರ ಭಾಗವಾಗಿ ಒಸೆಟಿಯಾದ ಸ್ಥಳೀಯ ಹೋರಾಟಗಾರರಿಗೆ ತರಬೇತಿ ನೀಡಲಾಗಿತ್ತು ಎಂದು ಹೇಳಿದರು. ಅದಕ್ಕೂ ಮುಂಚೆ, 2011ರ ನವೆಂಬರ್‌ನಲ್ಲಿ, ಮೆಡ್ವೆದೆವ್ ವ್ಲಾದಿಕಾವ್ಕಾಜ್‌ನಲ್ಲಿ ಸೇನಾಧಿಕಾರಿಗಳೊಂದಿಗೆ ಮಾತನಾಡುತ್ತ, 2008ರಲ್ಲಿ ನಾವು ಹಿಂಜರಿದಿದ್ದರೆ ಇನ್ನೂ ಹಲವು ದೇಶಗಳು ನೇಟೊದೊಳಗೆ ಸೇರಿಹೋಗುತ್ತಿದ್ದವು ಎಂಬರ್ಥದ ಮಾತಾಡಿದ್ದರು. ಶಾಂತಿಪಾಲಕರನ್ನು ಕಾಪಾಡಲು ಅನಿವಾರ್ಯವಾಗಿ ಕೈಗೊಂಡ ಕ್ರಮ ಎಂದು ಜಗತ್ತಿಗೆ ಹೇಳಿದ್ದವರ ಬಾಯಿಂದಲೇ ಈ ಎರಡು ಮಾತುಗಳು ಬಂದವು.

ಹಾಗೆಂದು ಯೋಜನೆ ಸಿದ್ಧವಿದ್ದ ಮಾತ್ರಕ್ಕೆ ದಾಳಿಯ ದಿನ ನಿಗದಿಯಾಗಿತ್ತು ಎಂದು ಅರ್ಥವಾಗುವುದಿಲ್ಲ. ಪ್ರತಿಯೊಂದು ದೇಶದ ಸೇನೆಯ ಕಪಾಟಿನಲ್ಲೂ ನೆರೆಯವನ ಮೇಲಿನ ಯುದ್ಧದ ಕಡತಗಳಿರುತ್ತವೆ. ಆಗಸ್ಟ್ 7ರಂದು ಮೆಡ್ವೆದೆವ್ ವೋಲ್ಗಾ ನದಿಯ ಮೇಲೆ ರಜೆಯಲ್ಲಿದ್ದರು, ಪ್ರಧಾನಿ ಪುಟಿನ್ ಒಲಿಂಪಿಕ್ಸ್ ಉದ್ಘಾಟನೆಗೆ ಬೀಜಿಂಗ್‌ಗೆ ಹೋಗಿದ್ದರು. ಅತ್ತ ಜಾರ್ಜಿಯಾದ ಸುಮಾರು 2,000 ಅತ್ಯುತ್ತಮ ಸೈನಿಕರು ಇರಾಕ್‌ನಲ್ಲಿದ್ದರು, ಅವರನ್ನು ಯುದ್ಧದ ನಡುವೆ ಅಮೆರಿಕದ ವಿಮಾನಗಳು ತರಾತುರಿಯಲ್ಲಿ ಮರಳಿ ತಂದವು. ತಿಂಗಳುಗಳ ಮುಂಚೆ ಮುಹೂರ್ತ ಇಟ್ಟು ಯುದ್ಧಕ್ಕೆ ಹೊರಡುವವರು ತಮ್ಮ ಒಳ್ಳೆಯ ಪಡೆಯನ್ನು ಇರಾಕಿನಲ್ಲಿ ಬಿಟ್ಟಿರುವುದಿಲ್ಲ. ಈ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಕಾಕನಕೋಟೆಯ ಕಾಡಿನಲ್ಲಿ ಹಿಂದೆ ಆನೆ ಹಿಡಿಯುತ್ತಿದ್ದ ಖೆಡ್ಡಾದಂಥ ಚಿತ್ರ. ದಿಮ್ಮಿಗಳನ್ನು ನೆಟ್ಟು, ಮೂರು ಕಡೆಯಿಂದ ತಮಟೆ ಬಡಿದು, ಬಾಗಿಲು ತೆರೆದಿಟ್ಟು ಕಾದವರಿಗೆ ಆನೆ ಇಂಥದೇ ದಿನ ಬರುತ್ತದೆ ಎಂದು ಗೊತ್ತಿರಬೇಕಾಗಿಲ್ಲ. ಆದರೆ ಇಲ್ಲಿ ಒಳನುಗ್ಗಿದ್ದು ಮೂಕಪ್ರಾಣಿಯಲ್ಲ. ಹಾಗೆ ಮಾಡಬೇಡಿ, ರಷ್ಯಾದೊಂದಿಗೆ ಯುದ್ಧವಾದರೆ ನಿಮ್ಮ ನೆರವಿಗೆ ಬರುವವರಿಲ್ಲ ಎಂದು ಅಮೆರಿಕನ್ನರಿಂದ ಪದೇಪದೇ ಎಚ್ಚರಿಕೆ ಕೇಳಿಸಿಕೊಂಡಿದ್ದ ಸರ್ಕಾರ. ಜನ ಮಲಗಿದ್ದ ಪಟ್ಟಣದ ಮೇಲೆ, ಗುರಿಯಿಟ್ಟು ಹೊಡೆಯಲು ಬಾರದ ಗ್ರಾದ್ ರಾಕೆಟ್‌ಗಳನ್ನು ಹಾರಿಸುವ ತೀರ್ಮಾನ ಟಿಬಿಲಿಸಿಯದು. ಸುರಂಗದಲ್ಲಿ ಅಂದು ಬೆಳಿಗ್ಗೆ ಎಷ್ಟು ವಾಹನಗಳಿದ್ದವು ಎಂಬ ಲೆಕ್ಕ ಏನೇ ಆಗಿರಲಿ, ನೆಲಮಾಳಿಗೆಗಳಲ್ಲಿ ಆ ರಾತ್ರಿ ಕಳೆದ ಒಸೆಟಿಯನ್ನರಿಗೆ ಅದು ಉತ್ತರವಾಗುವುದಿಲ್ಲ.

ಹೆಸರುಗಳಲ್ಲೂ ಇದೇ ಹಗ್ಗಜಗ್ಗಾಟವಿದೆ. ಜಾರ್ಜಿಯನ್ನರಿಗೆ ಅದು 'ಆಗಸ್ಟ್ ಯುದ್ಧ', ದಕ್ಷಿಣ ಒಸೆಟಿಯಾ ಎಂಬ ಹೆಸರೇ ಸಲ್ಲದು, ಅದು 'ತ್ಸ್ಖಿನ್ವಾಲಿ ಪ್ರದೇಶ'. ರಷ್ಯಾದ ಕಡತಗಳಲ್ಲಿ ಅದು 'ಜಾರ್ಜಿಯಾವನ್ನು ಶಾಂತಿಗೆ ಬಲವಂತಪಡಿಸುವ ಕಾರ್ಯಾಚರಣೆ'. ಒಸೆಟಿಯನ್ನರು ತಮ್ಮ ಪಟ್ಟಣದ ಹೆಸರಿನ ಕೊನೆಯ ಇಕಾರವನ್ನು ಜಾರ್ಜಿಯನ್ ಭಾಷೆಯ ಪ್ರತ್ಯಯವೆಂದು ಕಿತ್ತೊಗೆದು 'ತ್ಸ್ಖಿನ್ವಾಲ್' ಎನ್ನುತ್ತಾರೆ. ಒಂದು ಸ್ವರವನ್ನು ಉಚ್ಚರಿಸುವುದೋ ಬಿಡುವುದೋ ಎಂಬುದರಲ್ಲೇ ಮಾತನಾಡುವವರು ಯಾವ ಕಡೆಯವರೆಂದು ತಿಳಿದುಹೋಗುತ್ತದೆ.

ನ್ಯಾಯಾಲಯಗಳಾದರೂ ಇದನ್ನು ಇತ್ಯರ್ಥ ಮಾಡಿದವೇ ಎಂದರೆ ಅದೂ ಇಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2021ರ ಜನವರಿ 21ರಂದು ಕೊಟ್ಟ ತೀರ್ಪಿನಲ್ಲಿ ಕಾಲವನ್ನೇ ಎರಡಾಗಿ ಸೀಳಿತು. ಆಗಸ್ಟ್ 12ರ ನಂತರ ಆ ನೆಲದ ಮೇಲೆ ರಷ್ಯಾದ ಪರಿಣಾಮಕಾರಿ ಹಿಡಿತವಿತ್ತು, ಆದ್ದರಿಂದ ಮನೆಗಳನ್ನು ಸುಟ್ಟದ್ದು, ನಾಗರಿಕರನ್ನು ಕೊಂದದ್ದು, ನಿರಾಶ್ರಿತರು ಮರಳದಂತೆ ತಡೆದದ್ದು ಇವಕ್ಕೆಲ್ಲ ರಷ್ಯಾ ಹೊಣೆ ಎಂದಿತು. 2023ರಲ್ಲಿ ಸುಮಾರು 13 ಕೋಟಿ ಯೂರೊ ಪರಿಹಾರವನ್ನೂ ವಿಧಿಸಿತು. ಆದರೆ ಆಗಸ್ಟ್ 8ರಿಂದ 12ರವರೆಗಿನ ಯುದ್ಧದ ಗೊಂದಲದಲ್ಲಿ ಯಾವ ದೇಶದ ಹಿಡಿತವೂ ಸ್ಥಿರವಾಗಿರಲಿಲ್ಲವಾದ್ದರಿಂದ ಆ ಅವಧಿಯ ದಾಳಿಗಳು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಕೈತೊಳೆದುಕೊಂಡಿತು. ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2022ರಲ್ಲಿ ಮೂವರ ಮೇಲೆ ಬಂಧನ ವಾರಂಟ್ ಹೊರಡಿಸಿತಾದರೂ ಅದು ಜಾರ್ಜಿಯನ್ ನಾಗರಿಕರನ್ನು ಒತ್ತೆಯಿಟ್ಟುಕೊಂಡು ಹಿಂಸಿಸಿದ ಪ್ರಕರಣಕ್ಕೆ ಸಂಬಂಧಿಸಿದ್ದು. ಹೀಗೆ ಲೋಕವೆಲ್ಲ ಯಾವ ಐದು ದಿನಗಳ ಬಗ್ಗೆ ವಾದಿಸುತ್ತಿದೆಯೋ ಆ ಐದು ದಿನಗಳ ತೀರ್ಮಾನ ಯಾವ ನ್ಯಾಯಪೀಠದಿಂದಲೂ ಬರಲಿಲ್ಲ. ಖಾಲಿ ಬಿದ್ದ ಆ ಜಾಗಕ್ಕೆ ರಾಜಕಾರಣಿಗಳು ಬಂದು ಕುಳಿತರು.

2012ರಿಂದ ಜಾರ್ಜಿಯಾವನ್ನು ಆಳುತ್ತಿರುವ 'ಜಾರ್ಜಿಯನ್ ಡ್ರೀಮ್' ಪಕ್ಷದ ಸ್ಥಾಪಕ, ಕೋಟ್ಯಧೀಶ ಬಿಡ್ಜಿನಾ ಇವಾನಿಶ್ವಿಲಿ, 2024ರ ಸೆಪ್ಟೆಂಬರ್‌ನಲ್ಲಿ ಚುನಾವಣಾ ಪ್ರಚಾರಕ್ಕೆ ಗೋರಿ ಪಟ್ಟಣಕ್ಕೆ ಬಂದರು. 2008ರಲ್ಲಿ ರಷ್ಯಾದ ಬಾಂಬುಗಳು ಬಿದ್ದ, ಕೆಲವು ದಿನ ರಷ್ಯಾದ ಸೇನೆ ಬೀಡುಬಿಟ್ಟಿದ್ದ ಊರು ಅದು. ಅಲ್ಲಿ ನಿಂತು ಅವರು, ಯುದ್ಧಕ್ಕೆ ಕಾರಣರಾದ ಸಾಕಾಶ್ವಿಲಿ ಮತ್ತು ಅವರ ಪಕ್ಷದವರನ್ನು ವಿಚಾರಣೆಗೆ ಗುರಿಪಡಿಸಿದ ಮೇಲೆ ಜಾರ್ಜಿಯಾ ತನ್ನ ಒಸೆಟಿಯನ್ ಸೋದರ ಸೋದರಿಯರ ಕ್ಷಮೆ ಕೇಳುತ್ತದೆ ಎಂದು ಘೋಷಿಸಿದರು. 2021ರಲ್ಲಿ ದೇಶಕ್ಕೆ ಮರಳಿದ ಸಾಕಾಶ್ವಿಲಿ ಆಗಲೇ ಬೇರೆ ಪ್ರಕರಣಗಳಲ್ಲಿ ಜೈಲಿನಲ್ಲಿದ್ದರು. 2025ರ ಆರಂಭದಲ್ಲಿ ಸಂಸತ್ತು ತೆಯಾ ತ್ಸುಲುಕಿಯಾನಿ ಅವರ ಅಧ್ಯಕ್ಷತೆಯಲ್ಲಿ, ಯುದ್ಧವೂ ಸೇರಿದಂತೆ ಹಿಂದಿನ ಸರ್ಕಾರದ ಕೃತ್ಯಗಳನ್ನು ವಿಚಾರಿಸುವ ಆಯೋಗ ರಚಿಸಿತು. ಅದರ ಮುಂದೆ ಹಾಜರಾಗಲು ಒಪ್ಪದ ಹಲವು ವಿರೋಧ ಪಕ್ಷಗಳ ನಾಯಕರು ಜೈಲು ಸೇರಿದರು. ಸೆಪ್ಟೆಂಬರ್‌ನಲ್ಲಿ ಆಯೋಗದ ವರದಿ ಬಂದ ಮೇಲೆ ಆಳುವ ಪಕ್ಷ ಪ್ರಮುಖ ವಿರೋಧ ಪಕ್ಷಗಳನ್ನೇ ನಿಷೇಧಿಸುವಂತೆ ಸಂವಿಧಾನ ನ್ಯಾಯಾಲಯದ ಮೊರೆಹೋಗುವುದಾಗಿ ಪ್ರಕಟಿಸಿತು.

ಒಸೆಟಿಯನ್ನರ ಕ್ಷಮೆ ಕೇಳುವುದು ತಪ್ಪೆಂದು ನಾನು ಹೇಳಲಾರೆ. ಆ ರಾತ್ರಿಯ ಬಗ್ಗೆ ಹಾಗೂ 1991–92ರ ಬಗ್ಗೆ ಜಾರ್ಜಿಯಾ ಹೇಳಬೇಕಾದ ಮಾತು ಬಹಳಷ್ಟು ಬಾಕಿ ಇದೆ. ಆದರೆ ಇವಾನಿಶ್ವಿಲಿ ಹೇಳುವ ಕತೆಯಲ್ಲಿ ರಷ್ಯಾ ಎಂಬ ಪಾತ್ರ ಹೆಚ್ಚುಕಡಿಮೆ ರಂಗದಿಂದಲೇ ಮಾಯವಾಗುತ್ತದೆ: ಪಾಸ್‌ಪೋರ್ಟುಗಳಿಲ್ಲ, ರೈಲ್ವೆ ಹಳಿಯಿಲ್ಲ, 2006ರ ಯೋಜನೆಯಿಲ್ಲ. ಸಾಕಾಶ್ವಿಲಿಯ ಬೆಂಬಲಿಗರ ಕತೆಯಲ್ಲಿ ಗ್ರಾದ್ ರಾಕೆಟ್‌ಗಳು ಮಾಯವಾಗುವಂತೆಯೇ ಇದೂ. ಈಗ ದೇಶದ ಬಹುಪಾಲು ವಿರೋಧ ಪಕ್ಷಗಳಿಗೆ ಆಗಸ್ಟ್ 7 ಎಂದರೆ ರಾಷ್ಟ್ರದ್ರೋಹದ ಹೊಸ ಆರೋಪಪಟ್ಟಿ, ಆಳುವವರಿಗೆ ರಷ್ಯಾದೊಂದಿಗೆ ರಾಜಿಯ ಮೊದಲ ಮೆಟ್ಟಿಲು. ಎಂಬಿಬಿಎಸ್ ಓದಲು ಭಾರತದಿಂದ ಟಿಬಿಲಿಸಿಗೆ ಹೋಗಿರುವ ಸಾವಿರಾರು ವಿದ್ಯಾರ್ಥಿಗಳಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. 2024ರ ಚಳಿಗಾಲದಲ್ಲಿ ರುಸ್ತವೇಲಿ ರಸ್ತೆಯಲ್ಲಿ ರಾತ್ರಿ ರಾತ್ರಿ ನಡೆದ ಪ್ರತಿಭಟನೆಗಳನ್ನು ಅವರು ಹತ್ತಿರದಿಂದ ನೋಡಿರಬಹುದು. ಅಲ್ಲಿ ಕೂಗಿದ ಘೋಷಣೆಗಳು ಯುರೋಪ್ ಒಕ್ಕೂಟದ ಕುರಿತಾಗಿದ್ದರೂ ಅವುಗಳ ಅಡಿಯಲ್ಲಿದ್ದುದು 2008ರ ಯುದ್ಧದಿಂದ ಯಾವ ಪಾಠ ಕಲಿಯಬೇಕು ಎಂಬ ಜಗಳವೇ.

ಯುರೋಪ್ ಒಕ್ಕೂಟದ ನಿಶ್ಶಸ್ತ್ರ ವೀಕ್ಷಕರು 2008ರ ಅಕ್ಟೋಬರ್ 1ರಿಂದ ದಕ್ಷಿಣ ಒಸೆಟಿಯಾದ ಗಡಿಯ ಈಚೆ, ಜಾರ್ಜಿಯಾದ ಹಿಡಿತದ ಬದಿಯಲ್ಲಿ ಗಸ್ತು ತಿರುಗುತ್ತಿದ್ದಾರೆ. ಆಚೆ ಬದಿಗೆ ಅವರನ್ನು ಇಂದಿಗೂ ಬಿಟ್ಟಿಲ್ಲ. ರಷ್ಯಾದ ಗಡಿಪಡೆಯವರು ಎಳೆದ ತಂತಿಬೇಲಿ ಖುರ್ವಲೇತಿಯಂಥ ಹಳ್ಳಿಗಳ ತೋಟಗಳ ನಡುವೆಯೇ ಹಾದುಹೋಗಿದೆ. ತ್ಸ್ಖಿನ್ವಾಲಿಯಿಂದ ಉತ್ತರಕ್ಕೆ ಹೋಗುವ ಹೆದ್ದಾರಿ ಈಗ ಸಲೀಸಾಗಿದೆ, ದ್ಜಾರಾದ ಬಳಸುದಾರಿಯ ಅಗತ್ಯ ಒಸೆಟಿಯನ್ನರಿಗೆ ಈಗ ಇಲ್ಲ. ದಾರಿಯಲ್ಲಿ ಸಿಗುತ್ತಿದ್ದ ಕುರ್ತಾ, ಕೆಖ್ವಿ, ಅಚಾಬೆತಿಗಳಲ್ಲಿ ಉಳಿದಿರುವುದು ಗೋಡೆಗಳ ಅವಶೇಷ. ಪಟ್ಟಣಕ್ಕೆ ಎಲ್ಲಕ್ಕಿಂತ ಹತ್ತಿರವಿದ್ದ ತಾಮರಾಶೆನಿಯನ್ನು ನೆಲಸಮ ಮಾಡಿ, ಮಾಸ್ಕೊ ನಗರದ ಹಣದಿಂದ ಅಲ್ಲೊಂದು ಹೊಸ ಬಡಾವಣೆ ಕಟ್ಟಲಾಗಿದೆ. ಅದರ ಹೆಸರು 'ಮೊಸ್ಕೊವ್‌ಸ್ಕಿ'.